ಬಿಸಿಲಿಗಿಟ್ಟ ಗಾಜಿನ ಹುರಿ

ಮುನಿಶಾಮಿ ಕಾಲು ಮುಂದಾಗಿ ಹುಟ್ಟಿದವನು. ಕ್ಯಾಸಂಬಳ್ಳಿ ಕಡೆ ಹಾಗೆ ಹುಟ್ಟಿದವರಿಗೆ ಒಂದು ಬೆಲೆಯಿದೆ. ನೆಲದೊಳಗಿನ ನೀರು, ಕಳುವಾದ ಎಮ್ಮೆ, ತಾತನ ಕಾಲದಲ್ಲಿ ಹೂತ ಹಂಡೆ, ಎಲ್ಲ ಅವರ ಕಣ್ಣಿಗೆ ಬೀಳುತ್ತವಂತೆ. ಅವನ ತಾಯಿ ಪೆದ್ದಮ್ಮ ಅಂಜನ ಹಾಕುವವಳು. ಹರಳೆಣ್ಣೆ ದೀಪದ ಮಸಿಗೆ ಯಾವುದೋ ಬೇರು ಸುಟ್ಟ ಬೂದಿ ಕಲಸಿ, ವೀಳ್ಯದೆಲೆಗೆ ಬಳಿದು ಮಗನ ಅಂಗೈಗೆ ಇಡುತ್ತಿದ್ದಳು. ಅವನು ರೆಪ್ಪೆ ಹೊಡೆಯದೆ ಆ ಕಪ್ಪನ್ನೇ ನೋಡುತ್ತಿರಬೇಕು. ಮೊದಲು ಕಸ ಗುಡಿಸುವವನು ಬರುತ್ತಾನೆ, ಅವನ ಹಿಂದೆ ನೀರು ಚಿಮುಕಿಸುವವನು, ಅವನ ಹಿಂದೆ ಚಾಪೆ ಹಾಸುವವನು. ಆಮೇಲೆ ಆಂಜನೇಯಸ್ವಾಮಿ ಬಂದು ಚಾಪೆಯ ಮೇಲೆ ಕೂತು, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ.

ಎಲೆ ಎಷ್ಟು ಕಪ್ಪಗಾದರೆ ಅಷ್ಟು ಒಳ್ಳೆಯದು. ಮಸಿ ತೆಳುವಾಗಿ ಹಸಿರು ಇಣುಕಿದರೆ ಸ್ವಾಮಿ ಮುನಿದ ಎಂದು ಲೆಕ್ಕ. ಈ ಒಂದು ನಿಯಮವನ್ನು ಮುನಿಶಾಮಿ ತಾಯಿಯ ಹಾಲಿನ ಜೊತೆಗೇ ಕುಡಿದಿದ್ದ.

ಇನ್ನೊಂದು ಸಂಗತಿಯಿತ್ತು, ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಎಮ್ಮೆ ಕಳಕೊಂಡವನು ಬಂದು, 'ಕೆರೆ ತೂಬಿನ ಕಡೆ ಓಗೈತೇನೋ' ಎಂದು ಕೇಳಿದರೆ ಮುನಿಶಾಮಿಗೆ ಎಲೆಯಲ್ಲಿ ತೂಬು ಕಾಣುತ್ತಿತ್ತು. 'ನಮ್ಮ ದಾಯಾದಿನೇ ಹೊಡಕೊಂಡೋದ್ನಾ' ಎಂದರೆ ದಾಯಾದಿಯ ಮುಖ ಕಾಣುತ್ತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಕಾಣುತ್ತಿತ್ತು. ಕೇಳುವವನ ಆಸೆ ಕತ್ತಲೆಯೊಳಗೆ ಹೋಗಿ ರೂಪ ತಳೆಯುತ್ತದೆ ಎಂಬುದು ಅವನಿಗೆ ಆಗ ಹೇಗೆ ಗೊತ್ತಾಗಬೇಕು? ದೊಡ್ಡ ದೊಡ್ಡವರಿಗೇ ಇನ್ನೂ ಗೊತ್ತಾಗಿಲ್ಲ.

ಬೆಳೆದ ಮೇಲೆ ಅವನು ಬಂಗಾರಪೇಟೆ ರಸ್ತೆಯ ಎರಕದ ಕಾರ್ಖಾನೆಗೆ ಸೇರಿದ. ಗಣಿಗಳಿಗೆ ಬೇಕಾದ ಹಗ್ಗ ಹಾಯುವ ಕಪ್ಪಿ, ಚಕ್ರ, ಪಂಪಿನ ಹೊಟ್ಟೆ ಎರೆದು ಕೊಡುವ ಕಾರ್ಖಾನೆ. ಈಗ ಅದಿಲ್ಲ, ಗೋಡೆಯ ಕಲ್ಲನ್ನೂ ಜನ ಹೊತ್ತುಕೊಂಡು ಹೋಗಿದ್ದಾರೆ. ಮುನಿಶಾಮಿಗೆ ಅಲ್ಲಿ ಮರಳು ಜರಡಿ ಹಿಡಿಯುವ ಕೆಲಸ. ಜೊತೆಗಾರ ಕುಪ್ಪುಸ್ವಾಮಿ ಸರಪಳಿ ಕಟ್ಟಿ ಭಾರ ಎತ್ತುವವನು, ಮೈಸೂರು ಮೈನ್ಸ್ ಲೈನಿನವನು, ಗಣಿ ಕೆಲಸಗಾರರ ಸಾಲುಮನೆಯವನು. ಅವನ ಬಾಯಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಒಂದೇ ತಟ್ಟೆಯಲ್ಲಿ ಕಲಸಿ ಬರುತ್ತಿದ್ದವು. ಮಧ್ಯಾಹ್ನ ಸೈರನ್ ಕೂಗಿದಾಗ ಇಬ್ಬರೂ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಇವನ ಮುದ್ದೆಯ ಅರ್ಧ ಅವನಿಗೆ, ಅವನ ಇಡ್ಲಿ ಇವನಿಗೆ.

"ಡೇಯ್ ಮುನಿಶಾಮಿ, ಎನ್ ಪೊಂಡಾಟಿ ಬೈತಾಳೆ. ನಾನ್ ಇಡ್ಲಿ ಕಟ್ತೀನಿ, ಯಾವನೋ ಹಳ್ಳಿಯೋನು ತಿಂತಾನೆ ಅಂತ."

"ನಿನ್ ಎಂಡ್ರಿಗೆ ಏಳು, ಮುದ್ದೆ ತಿಂದು ತಿಂದು ನೀನು ಗಂಡಸಾಗ್ತಿದ್ದೀಯ ಅಂತ."

ಅರವತ್ಮೂರನೇ ಇಸವಿಯ ಬೇಸಿಗೆಗೆ ಆ ಕಾರ್ಖಾನೆಗೆ ಒಂದು ಸೀಸದ ಕುಡಿಕೆ ಬಂತು. ಅದರೊಳಗೆ ಹುರುಳಿಯಷ್ಟು ದಪ್ಪದ ಒಂದು ಲೋಹದ ತುಣುಕು. ಕೆಲಸದವರು ಅದನ್ನು 'ಕಾಳು' ಎಂದರು. ಆ ಕಾಳಿನಿಂದ ಹೊರಡುವ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿ ತಾಗದು. ಆದರೆ ಕಬ್ಬಿಣವನ್ನೇ ತೂರಿ ಆಚೆ ಬದಿಯ ಫಿಲ್ಮಿನ ಮೇಲೆ ಒಳಗಿನ ಬಿರುಕಿನ ಚಿತ್ರ ಬರೆಯುತ್ತದೆ. ಅದಕ್ಕಾಗಿ ಅಂಗಳದ ಅಂಚಿನಲ್ಲಿ ದಪ್ಪ ಕಲ್ಲಿನ ಕೋಣೆಯೊಂದನ್ನು ಕಟ್ಟಿದರು. ಕಿಟಕಿಯಿಲ್ಲ, ಒಂದೇ ಬಾಗಿಲು, ನೆಲಕ್ಕೆ ಮರಳು. ಕಾಳನ್ನು ತಂತಿಯ ತುದಿಗೆ ಸಿಕ್ಕಿಸಿ, ಹೊರಗೆ ನಿಂತು ತಿರುಗಣಿ ತಿರುಗಿಸಿ ಕೋಣೆಯೊಳಕ್ಕೆ ಬಿಡುವುದು, ಚಿತ್ರವಾದ ಮೇಲೆ ಎಳೆದುಕೊಳ್ಳುವುದು.

ಒಂದು ದಿನ ತಂತಿ ಬರಿಗೈಲಿ ಬಂತು.

ಆಗ ಕೋಣೆಯಲ್ಲಿ ಗಣಿಗೆ ಹೋಗಬೇಕಾದ ದೊಡ್ಡ ಕಪ್ಪಿಯಿತ್ತು, ಬಾಗಿಲಿನ ಪಕ್ಕದ ಗೋಡೆಗೆ ಒರಗಿಸಿ ಇಟ್ಟದ್ದು. ಕಾಳು ಮರಳಿನಲ್ಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಿರಣ ಅಳೆಯುವ ಟಿಕ್‌ಟಿಕ್ ಪೆಟ್ಟಿಗೆಯೊಂದಿತ್ತು. ಬಾಗಿಲು ತೆರೆದದ್ದೇ ಅದರ ಮುಳ್ಳು ಕೊನೆಗೆ ಹೋಗಿ ಹೊಡೆದು ಅಲ್ಲೇ ಅಂಟಿಕೊಂಡಿತು. 'ಪೆಟ್ಟಿಗೆ ಕೆಟ್ಟೈತೆ' ಎಂದ ಮೇಸ್ತ್ರಿ ಜಯರಾಮಪ್ಪ. ಹೌದು ಸ್ವಾಮಿ, ನಿಜ ಹೇಳಿದ್ದೆಲ್ಲ ಆ ಕಾರ್ಖಾನೆಯಲ್ಲಿ ಕೆಟ್ಟೇ ಇರುತ್ತಿತ್ತು. ಮುಂಬಯಿಯಲ್ಲಿ ಈ ಕಿರಣದ ಕೆಲಸ ಬಲ್ಲವರಿಗೆ ಒಂದು ಟೆಲಿಗ್ರಾಂ ಕೊಟ್ಟಿದ್ದರೆ ಬಂದು ತೆಗೆಯುತ್ತಿದ್ದರು. ಆದರೆ ಬಂದವರು ಲೈಸೆನ್ಸ್ ಕಿತ್ತುಕೊಂಡು ಹೋದರೆ? ಯಜಮಾನ ಬಾಗಿಲಿಗೆ ಬೀಗ ಹಾಕಿಸಿದ, ಬಾಯಿಗಳಿಗೂ ಹಾಕಿಸಿದ. ಬಾಯ್ಲರಿನ ಒಳಗು ನೋಡಬೇಕು ಎಂದು ಸುಳ್ಳು ಹೇಳಿ ಮುಂಬಯಿಯ ಇನ್ನೊಂದು ಅಂಗಡಿಯಿಂದ ಗಾಜಿನ ಹುರಿಯೊಂದನ್ನು ಬಾಡಿಗೆಗೆ ತರಿಸಿದ.

ಅದೊಂದು ವಿಚಿತ್ರ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳು, ಸಾವಿರ ಸಾವಿರ, ಒಂದರ ಪಕ್ಕ ಒಂದು ಸೇರಿ, ಮೇಲೆ ರಬ್ಬರಿನ ಅಂಗಿ ತೊಟ್ಟು ಹಾವಿನ ಹಾಗೆ ಬಳುಕುತ್ತಿದ್ದವು. ಒಂದು ತುದಿಯನ್ನು ತೂತಿನೊಳಗೆ ತೂರಿಸಿ ಇನ್ನೊಂದು ತುದಿಗೆ ಕಣ್ಣಿಟ್ಟರೆ, ಹುರಿ ಎಷ್ಟು ಬಾಗಿದ್ದರೂ ಆ ತುದಿಯ ನೋಟ ಈ ತುದಿಗೆ ಬರುತ್ತದೆ. ಬೆಳಕನ್ನು ಒಳಕ್ಕೆ ಒಯ್ಯುವುದಕ್ಕೂ ಅದರಲ್ಲೇ ದಾರಿಯಿದೆ. ತಂದ ಇಂಜಿನಿಯರ್ ಹುಡುಗುತನ ಇನ್ನೂ ಬಿಡದ ವಯಸ್ಸಿನವನು. ಹೋಗುವಾಗ ಜಯರಾಮಪ್ಪನಿಗೆ ಒಂದು ಮಾತು ಹೇಳಿದ: ಎಕ್ಸ್‌ರೇಯಂಥ ಕಿರಣವಿರುವ ಕಡೆ ಇದನ್ನು ಇಡಬೇಡಿ, ಗಾಜು ಕಪ್ಪಾಗುತ್ತದೆ.

ಜಯರಾಮಪ್ಪ ನಕ್ಕು ತಲೆಯಾಡಿಸಿದ. ಆ ಮಾತನ್ನು ಅವನು ಯಾರಿಗೂ ದಾಟಿಸಲಿಲ್ಲ. ದಾಟಿಸಿದರೆ ಬಾಯ್ಲರಿನ ಸುಳ್ಳು ಹೊರಬೀಳುತ್ತಿತ್ತಲ್ಲ.

ನೋಡುವವನು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ.

"ಲೇ ಮುನಿಶಾಮಿ, ಬಾರ್ಲಾ ಇಲ್ಲಿ. ನಿಮ್ದು ನೋಡೋ ಮನೆತನ. ಕಾಲ್ ಮುಂದಾಗಿ ಉಟ್ಟಿರೋನು ನೀನು. ಇದ್ರಾಗೆ ನೋಡಿ ಕಾಳೆಲ್ಲೈತೆ ಏಳು."

ಗೋಡೆಯಲ್ಲಿ ಮೊಳಕಾಲೆತ್ತರಕ್ಕೆ ಒಂದು ತೂತು ಕೊರೆದಿದ್ದರು, ಬಾಗಿಲಿನ ಪಕ್ಕದಲ್ಲೇ. ಬಿಸಿಲು ಕಣ್ಣಿಗೆ ಬೀಳದಿರಲೆಂದು ಅಲ್ಲೊಂದು ಕಂಬಳಿಯ ಗೂಡು. ಮುನಿಶಾಮಿ ಕಂಬಳಿಯೊಳಗೆ ಹೊಕ್ಕು ಬಲಗಣ್ಣನ್ನು ಗಾಜಿಗೆ ಇಟ್ಟ. ಜಯರಾಮಪ್ಪ ಅಂಗಳ ದಾಟಿ ಹುಣಸೆ ಮರದ ಹಿಂದೆ ಹೋಗಿ ನಿಂತು ಅಲ್ಲಿಂದ ಕೂಗಿ ಕೇಳಿದ. ಆ ಗಾಜಿಗೆ ಅವನು ಒಂದು ದಿನವೂ ತನ್ನ ಕಣ್ಣಿಡಲಿಲ್ಲ. ಏನೂ ಭಯವಿಲ್ಲ ಎಂದು ಹತ್ತು ಸಲ ಹೇಳಿದವನು ಮರದ ಹಿಂದೆ ಯಾಕೆ ನಿಂತ ಎಂದು ಕೇಳುವ ಧೈರ್ಯ ಆಗ ಯಾರಿಗಿತ್ತು?

ಮೊದಲ ದಿನ ಒಳಗಿನ ಲೋಕ ಚೆನ್ನಾಗಿ ಕಂಡಿತು. ಜೇನುಹುಟ್ಟಿನ ಕಣ್ಣುಗಳ ಹಾಗೆ ಸಣ್ಣ ಸಣ್ಣ ಚುಕ್ಕಿ ಸೇರಿ ಆದ ಚಿತ್ರ. ಮರಳಿನ ಅಲೆ, ಕಪ್ಪಿಯ ಅಂಚು, ಗೋಡೆಯ ಮೇಲೊಂದು ಹಲ್ಲಿ. ಕಾಳು ಮಾತ್ರ ಇಲ್ಲ. ಮರಳು ಅದನ್ನು ನುಂಗಿತ್ತು.

ದಿನಗಳೆದಂತೆ ಚಿತ್ರದ ಬಣ್ಣ ತಿರುಗಿತು. ಮೊದಲು ಬೆಲ್ಲದ ನೀರು, ಆಮೇಲೆ ಟೀ, ಆಮೇಲೆ ಹಾಲಿಲ್ಲದ ಕಾಫಿ. ಹುರಿಯ ತುದಿ ದಿನವೆಲ್ಲ ಕಪ್ಪಿಯ ಬುಡದ ಮರಳಿನ ಮೇಲೆ ಬಿದ್ದಿರುತ್ತಿತ್ತು. ನೋಡುವಾಗ ಮಾತ್ರ ಅದೇ ತೂತಿನಿಂದ ಬಿದಿರುಕೋಲು ತೂರಿಸಿ ಅತ್ತಿತ್ತ ಸರಿಸುತ್ತಿದ್ದರು. ಆ ಹಲ್ಲಿ ಒಂದು ದಿನ ಗೋಡೆಯಿಂದ ಮರಳಿಗೆ ಬಿದ್ದಿತ್ತು, ಹೊಟ್ಟೆ ಮೇಲಾಗಿ. ಮರುದಿನವೂ ಹಾಗೇ ಇತ್ತು. ಅದರ ಮರುದಿನವೂ. ಇರುವೆ ಮುತ್ತಲಿಲ್ಲ, ಉಬ್ಬಲಿಲ್ಲ, ಒಣಗಲೂ ಇಲ್ಲ. ಈಗ ತಾನೇ ಸತ್ತ ಹಾಗೆ ಬಿಳಿ ಹೊಟ್ಟೆ ತೋರಿಸಿಕೊಂಡು ಬಿದ್ದಿತ್ತು. ಇರುವೆ ಮುತ್ತದ ಹೆಣವನ್ನು ಮುನಿಶಾಮಿ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಇನ್ನೊಂದು ದಿನ ಹುರಿಗೆ ಬೆಳಕು ಕೊಡುವ ಬಲ್ಬು ಸುಟ್ಟಿತು. ಬೇರೆ ಬಲ್ಬು ತರುವತನಕ ಅವನು ಕಂಬಳಿಯೊಳಗೇ ಕಣ್ಣಿಟ್ಟುಕೊಂಡು ಕೂತಿದ್ದ. ಒಳಗೆ ಬೆಳಕಿಲ್ಲ, ಹೊರಗೆ ಬೆಳಕಿಲ್ಲ. ಆದರೂ ಗಾಜಿನೊಳಗೆ ಏನೋ ಇತ್ತು. ನೀಲಿ. ಸ್ಮಶಾನದ ಬೂದಿಯ ಮೇಲೆ ತಿಂಗಳ ಬೆಳಕು ಬಿದ್ದ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ನೀಲಿ. ಅದು ಮಿಣುಕಲಿಲ್ಲ, ಅಲುಗಲಿಲ್ಲ. ಸುಮ್ಮನೆ ಇತ್ತು, ಅವನನ್ನೇ ನೋಡುತ್ತಾ. ಮುನಿಶಾಮಿ ಕೈ ಮುಗಿದ.

ಸಂಜೆ ತಾಯಿಗೆ ಹೇಳಿದ. ಪೆದ್ದಮ್ಮ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಕಪ್ಪಾತಾ ಐತಾ?"

"ದಿನಾ ಕಪ್ಪಾತೈತೆ, ಅವ್ವ."

"ಹಂಗಾರೆ ಗುಡಿಸೋನು ಬಂದ, ನೀರು ಚಿಮುಕ್ಸೋನು ಬಂದ. ನೀಲಿ ಅಂದ್ಯಲ್ಲ, ಸ್ವಾಮಿನೇ ಬಂದು ಕುಂತವ್ನೆ ಕಣ್ಲಾ ನಾಯ್ನಾ. ಯಾರ ಮುಂದೂ ಏಳ್ಬ್ಯಾಡ. ಏಳಿದ್ರೆ ಎದ್ದೋಗ್ತಾನೆ."

ಹೀಗಾಯಿತು ನೋಡಿ. ಮುಂಬಯಿಯವನು ಹೇಳಿದ ಒಂದು ಮಾತು ಮುನಿಶಾಮಿಯ ಕಿವಿಗೆ ಬಿದ್ದಿದ್ದರೆ ಆ ಕಪ್ಪು ಅವನಿಗೆ ಎಚ್ಚರಿಕೆಯ ಗಂಟೆಯಾಗುತ್ತಿತ್ತು. ಬೀಳಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವ್ವನ ನಿಯಮ ಒಂದೇ: ಕಪ್ಪಾದಷ್ಟೂ ಒಳ್ಳೆಯದು.

ಗಣಿಯಿಂದ ಕಪ್ಪಿಗೆ ಒತ್ತಾಯ ಜಾಸ್ತಿಯಾಯಿತು. ಯಜಮಾನ ಜಯರಾಮಪ್ಪನ ಮೇಲೆ ಹಾರಾಡಿದ. ಜಯರಾಮಪ್ಪ ಮರದ ಹಿಂದೆ ನಿಂತು ಕೂಗಿದ.

"ಏನ್ಲಾ, ಕಾಣ್ತಾ?"

ಗಾಜಿನಲ್ಲಿ ಆ ಹೊತ್ತಿಗೆ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ಕತ್ತಲೆ, ಅಷ್ಟೆ.

"ನೋಡ್ತಿದೀನಣ್ಣ."

"ಕಪ್ಪಿ ಕಡೆ ಇಲ್ಲ ತಾನೇ? ಆ ಕಡೆ ದೂರದ ಮೂಲೇಗೆ ಸಿಡಿದಿರ್ಬೇಕಲ್ವಾ? ಚೆನ್ನಾಗಿ ನೋಡು. ಆ ಮೂಲೆ, ಆ ಮೂಲೆ."

ಎಮ್ಮೆ ಕಳಕೊಂಡವನ ದನಿಯೇ ಅದು. ಮುನಿಶಾಮಿ ಕತ್ತಲೆಯನ್ನು ದಿಟ್ಟಿಸಿದ. ಕತ್ತಲೆ ಮೆಲ್ಲಗೆ ಅಲುಗಿತು. ದೂರದ ಮೂಲೆ ಮೂಡಿತು, ಅದರಲ್ಲಿ ಮರಳಿನ ಸಣ್ಣ ಗುಳಿ, ಗುಳಿಯಲ್ಲಿ ಹುರುಳಿಯಷ್ಟು ದಪ್ಪದ ಹೊಳಪು. ಆಣೆ ಮಾಡಿ ಹೇಳುವಷ್ಟು ಸ್ಪಷ್ಟ.

"ಐತಣ್ಣ," ಎಂದ. "ಆ ಮೂಲೇಲೇ ಐತೆ."

ಶನಿವಾರ ಬೆಳಿಗ್ಗೆ ಕಪ್ಪಿಗೆ ಸರಪಳಿ ಕಟ್ಟಲು ಕುಪ್ಪುಸ್ವಾಮಿಯನ್ನು ಒಳಗೆ ಕಳಿಸಿದರು.

"ದೂರದ ಮೂಲೆಗೆ ಓಗ್ಬ್ಯಾಡ. ಈ ಕಡೆ ಏನೂ ಇಲ್ಲ, ನಿನ್ ಸ್ನೇಹಿತನೇ ನೋಡವ್ನೆ," ಎಂದ ಜಯರಾಮಪ್ಪ.

ಕುಪ್ಪುಸ್ವಾಮಿ ಮುನಿಶಾಮಿಯ ಮುಖ ನೋಡಿದ. "ಎನ್ನಡಾ, ನಿಜಮಾ?"

"ನಿಜ ಕಣೋ. ಸ್ವಾಮಿನೇ ತೋರ್ಸವ್ನೆ."

"ನಿನ್ ಸಾಮಿ ತೋರ್ಸಿದ್ರೆ ಸರಿ. ನಮ್ ಮುರುಗನ್ ಆದ್ರೆ ಲೀವಲ್ಲಿ ಅವ್ನೆ," ಎಂದು ನಗುತ್ತಾ ಒಳಗೆ ಹೋದ.

ಕಪ್ಪಿ ಮರಳಿಗೆ ಹೂತುಕೊಂಡಿತ್ತು. ಅದರ ಬುಡಕ್ಕೆ ಸರಪಳಿ ತೂರಿಸಲು ಅವನು ಬರಿಗೈಯಿಂದ ಮರಳು ಬಗೆದ. ಬಗೆದು ಸುಸ್ತಾದಾಗ ಅದೇ ಮರಳಿನ ಗುಡ್ಡೆಯ ಮೇಲೆ ಕೂತು ಎಲೆಯಡಿಕೆ ಹಾಕಿದ, ಹಾಡು ಹೇಳಿದ, ಮತ್ತೆ ಬಗೆದ. ಕಪ್ಪಿ ಹೊರಗೆ ಬಂತು. ಯಜಮಾನ ಸಿಹಿ ಹಂಚಿಸಿದ. ಕುಪ್ಪುಸ್ವಾಮಿ ತನ್ನ ಪಾಲಿನ ಲಾಡು ತಿನ್ನದೆ ಮುನಿಶಾಮಿಗೆ ಕೊಟ್ಟ. ಯಾಕೋ ಹೊಟ್ಟೆ ತೊಳಸ್ತಾ ಇದೆ ಎಂದ.

ಅಂದು ಮಧ್ಯಾಹ್ನ ಮುನಿಶಾಮಿ ಮತ್ತೆ ಕಣ್ಣಿಟ್ಟ. ಇನ್ನು ಕಾಳನ್ನು ಎತ್ತಬೇಕಲ್ಲ, ಸ್ವಾಮಿ ಇನ್ನೊಮ್ಮೆ ತೋರಿಸಲಿ ಎಂದು. ಕಪ್ಪು. ಮೂಲೆಯೂ ಇಲ್ಲ, ಗುಳಿಯೂ ಇಲ್ಲ. ಎಷ್ಟು ದಿಟ್ಟಿಸಿದರೂ ಕತ್ತಲೆ ಅಲುಗಲೇ ಇಲ್ಲ.

"ಅಂಜನ ದಣಿದೈತೆ," ಎಂದಳು ಪೆದ್ದಮ್ಮ. ಅವರ ಮನೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಅಂಜನದ ಭರಣಿ ಸತ್ತಾಗ ಅದನ್ನು ಮಾಡಿನ ಮೇಲೆ, ಅರಿಶಿನ ಬಳಿದ ನಿಂಬೆಹಣ್ಣಿನ ಜೊತೆ, ದಿನವಿಡೀ ಬಿಸಿಲಿಗೆ ಇಡುವುದು. ಸೂರ್ಯ ನೋಡಿದ ಮೇಲೆ ಅದು ಮತ್ತೆ ನೋಡುತ್ತದೆ. ಭಾನುವಾರ ಕಾರ್ಖಾನೆ ಖಾಲಿ. ಮುನಿಶಾಮಿ ಹುರಿಯನ್ನು ಎಳೆದು ತೆಗೆದು, ಕಾದ ತಗಡಿನ ಮಾಡಿನ ಮೇಲೆ ಉದ್ದಕ್ಕೆ ಮಲಗಿಸಿ, ರಬ್ಬರಿನ ಅಂಗಿ ಜಾರಿಸಿ ತುದಿಯನ್ನು ಬಿಸಿಲಿಗೆ ಬಿಟ್ಟು, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟ. ತಗಡು ಬರಿಗಾಲು ಸುಡುತ್ತಿತ್ತು. ಎಲ್ಲೋ ಭೂಮಿಯ ಆಳದಲ್ಲಿ ಗಣಿಯ ಬಂಡೆ ಸಿಡಿದು ಮಾಡು ಒಮ್ಮೆ ನಡುಗಿತು. ನಿಂಬೆಹಣ್ಣು ಉರುಳಿ ಅಂಗಳಕ್ಕೆ ಬಿತ್ತು.

ಸೋಮವಾರ ನೋಡಿದರೆ ಗಾಜು ತಿಳಿಯಾಗಿತ್ತು! ಪೂರ್ತಿ ಅಲ್ಲ, ತೆಳು ಟೀಯಷ್ಟು. ಅವನಿಗೆ ಖುಷಿಯೂ ಆಯಿತು, ದಿಗಿಲೂ ಆಯಿತು. ಕಪ್ಪಾದದ್ದು ಸ್ವಾಮಿ ಬಂದ ಗುರುತಾದರೆ, ಈ ಬೆಳಕು ಏನು?

ಹುರಿಯನ್ನು ಒಳಗೆ ತೂರಿಸಿ ಬಿದಿರುಕೋಲಿನಿಂದ ದೂರದ ಮೂಲೆಗೆ ತಳ್ಳಿದ. ತಾನು ಕಂಡ ಗುಳಿಯನ್ನು ಹುಡುಕಿದ. ಮಟ್ಟಸವಾದ ಮರಳು. ಒಡೆದ ಅಚ್ಚಿನ ಚೂರು. ಗುಳಿಯಿಲ್ಲ, ಹೊಳಪಿಲ್ಲ, ಎಂದೂ ಇದ್ದ ಗುರುತಿಲ್ಲ. ಅಲ್ಲೇ ಬಹಳ ಹೊತ್ತು ಇಟ್ಟುಕೊಂಡು ಕೂತ. ಚಿತ್ರದ ಬಣ್ಣ ಬದಲಾಗಲಿಲ್ಲ.

ಆಮೇಲೆ ಹುರಿಯನ್ನು ಕಪ್ಪಿಯಿದ್ದ ಜಾಗಕ್ಕೆ ಎಳೆದ. ಕುಪ್ಪುಸ್ವಾಮಿ ಬಗೆದ ಗುಂಡಿ. ಪಕ್ಕದಲ್ಲಿ ಮರಳಿನ ಗುಡ್ಡೆ. ಗುಡ್ಡೆಯ ಮೇಲೆ ಅವನು ಕೂತ ಕುಂಡೆಯ ಅಚ್ಚು, ಎಲೆಯಡಿಕೆಯ ಕೆಂಪು ಉಗುಳು. ಆ ಉಗುಳಿನ ಹತ್ತಿರವೇ ಹಲ್ಲಿ, ಇನ್ನೂ ಬೆಳ್ಳಗೆ. ಅವನು ನೋಡುತ್ತಿದ್ದಂತೆ ಚಿತ್ರದ ಮೇಲೆ ಕಂದು ಬಣ್ಣ ಇಳಿಯತೊಡಗಿತು. ಬಿಳಿ ಬಟ್ಟೆಗೆ ಎಲೆಯಡಿಕೆಯ ರಸ ಹರಡುವ ಹಾಗೆ, ನಿಧಾನ, ನಿಧಾನ, ಉಸಿರು ಬಿಗಿಹಿಡಿದು ಕಾದರೆ ಮಾತ್ರ ತಿಳಿಯುವಷ್ಟು ನಿಧಾನ. ಹಲ್ಲಿ ಮಸುಕಾಯಿತು. ಗುಡ್ಡೆ ಮಸುಕಾಯಿತು. ಕೋಲು ಹಿಡಿದು ದೂರದ ಮೂಲೆಗೆ ತಳ್ಳಿದ. ಕಪ್ಪು ಹೆಚ್ಚುವುದು ನಿಂತಿತು. ಮತ್ತೆ ಇಲ್ಲಿಗೆ ಎಳೆದ, ಮತ್ತೆ ಇಳಿಯಿತು. ಬಲ್ಬು ಆರಿಸಿದ. ನೀಲಿ, ಮೊದಲಿಗಿಂತ ಗಟ್ಟಿಯಾಗಿ, ಆ ಗುಡ್ಡೆಯ ಪಕ್ಕದಲ್ಲೇ.

ಗುಡಿಸುವವನೂ ಬಂದಿರಲಿಲ್ಲ, ಚಿಮುಕಿಸುವವನೂ ಬಂದಿರಲಿಲ್ಲ. ಗಾಜು ಅಷ್ಟು ದಿನವೂ ಬಾಯಿಯಿಲ್ಲದೆ ಕೂಗಿತ್ತು, ಇಲ್ಲೇ ಇದೆ, ಇಲ್ಲೇ ಇದೆ ಎಂದು.

ಅಂದು ಕುಪ್ಪುಸ್ವಾಮಿ ಕೆಲಸಕ್ಕೆ ಬಂದಿರಲಿಲ್ಲ. ಮುನಿಶಾಮಿ ಸೈರನ್ ಆಗುತ್ತಲೇ ಮೈಸೂರು ಮೈನ್ಸ್ ಲೈನಿಗೆ ಓಡಿದ. ತಗ್ಗು ಬಾಗಿಲ ತಟ್ಟಿಮನೆ. ಹೆಂಡತಿ ಕನ್ನಿಯಮ್ಮ ಬಾಗಿಲಲ್ಲಿ ಬೇವಿನಸೊಪ್ಪು ಸಿಕ್ಕಿಸುತ್ತಿದ್ದಳು. ಮೈ ಮೇಲೆ ಸಿಡುಬಿನ ಅಮ್ಮ ಬಂದಿರಬೇಕೆಂದು ಅವಳ ಎಣಿಕೆ. ಕುಪ್ಪುಸ್ವಾಮಿ ಚಾಪೆಯ ಮೇಲಿದ್ದ. ತಿಂದದ್ದೆಲ್ಲ ಕಕ್ಕಿ ತುಟಿ ಬಿಳಿಚಿತ್ತು. ಎರಡೂ ಅಂಗೈ ಕುದಿನೀರಿಗೆ ಅದ್ದಿದಂತೆ ಕೆಂಪಾಗಿ ಊದಿದ್ದವು.

"ಬಾಡಾ, ನೋಡೋ ಸಾಮಿ," ಎಂದ. "ಬೆಂಕಿ ಮುಟ್ಟಿಲ್ಲ, ಆಸಿಡ್ ಮುಟ್ಟಿಲ್ಲ. ಕೈ ಮಾತ್ರ ಹೋಳಿಗೆ ತರಹ ಆಯ್ತು."

ಮುನಿಶಾಮಿ ನಿಂತಲ್ಲೇ ಹೇಳಿದ. ಗಾಜು ಕಪ್ಪಾದದ್ದು, ತಾನು ಅದನ್ನು ಬಚ್ಚಿಟ್ಟದ್ದು, ಕಾಣದ ಮೂಲೆಯನ್ನು ಕಂಡದ್ದು, ಎಲ್ಲ. ಕನ್ನಿಯಮ್ಮನ ಕೈಯ ಬೇವು ನೆಲಕ್ಕೆ ಬಿತ್ತು. ಕುಪ್ಪುಸ್ವಾಮಿ ಬೈಯುತ್ತಾನೆ, ಉಗಿಯುತ್ತಾನೆ ಎಂದು ಅವನು ಕಾದ. ಕುಪ್ಪುಸ್ವಾಮಿ ಮಾಡನ್ನೇ ನೋಡುತ್ತಾ ಮಲಗಿದ್ದ.

"ಮೇಸ್ತ್ರಿ ಕೇಳ್ದಾಗ, ಕತ್ತಲೆ ಕಾಣ್ತೈತೆ ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತಲ್ಲಡಾ," ಎಂದ. "ಒಂದೇ ಒಂದ್ ಮಾತು."

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಬಂದರೆ ಕೋಣೆಯ ಮುಂದೆ ಬಚ್ಚಪ್ಪ ಉದ್ದ ಚಿಮಟ ಹಿಡಿದು ನಿಂತಿದ್ದ. ಹೊಸದಾಗಿ ಸೇರಿದ ಆಳು, ಮದುವೆಯ ಕಂಕಣ ಇನ್ನೂ ಕೈಯಲ್ಲಿತ್ತು. ದೂರದ ಮೂಲೆಗೆ ಹೋಗಿ ಕಾಳು ಹುಡುಕಿ ತರಬೇಕು ಎಂದು ಅಪ್ಪಣೆ. ಅಲ್ಲಿಗೆ ಹೋಗಬೇಕಾದರೆ ಆ ಮರಳಿನ ಗುಡ್ಡೆಯನ್ನು ಹಾಯಬೇಕು. ಸಿಗದಿದ್ದರೆ ಇಡೀ ನೆಲ ಕೆದಕಬೇಕು. ಮುನಿಶಾಮಿ ಜಯರಾಮಪ್ಪನ ಹತ್ತಿರ ಹೋಗಿ ಕಾಳು ಮೂಲೆಯಲ್ಲಿಲ್ಲ ಎಂದ.

ಜಯರಾಮಪ್ಪ ಅವನ ರಟ್ಟೆ ಹಿಡಿದು ಮರದ ಹಿಂದಕ್ಕೆ ಒಯ್ದ.

"ಕೇಳ್ಲಾ. ಗಾಜು ಕಪ್ಪಾತೈತೆ ಅಂತ ಬಾಯ್ಬಿಟ್ರೆ ಕುಪ್ಪುಸ್ವಾಮೀನ ಒಳಗೆ ಕಳಿಸ್ದೋನು ನಾನಲ್ಲ, ನೀನು. ಐತೆ ಅಂತ ಏಳಿದ್ದು ನಿನ್ ಬಾಯಿ. ಊರೆಲ್ಲ ಕೇಳವ್ರೆ. ನಿಮ್ಮವ್ವನ ಎಲೆ ಮುಂದೆ ನಾಳೆಯಿಂದ ಯಾವನ್ ಬಂದು ಕುಂತ್ಕತಾನೆ? ಕೆಲ್ಸಾನೂ ಓತದೆ, ಮಾನಾನೂ ಓತದೆ. ಬಾಯಿ ಮುಚ್ಕೊಂಡು ಮರಳು ಜರಡಿ ಇಡಿ."

ಮುನಿಶಾಮಿ ಆ ಮಾತಿನಲ್ಲಿ ಒಂದನ್ನು ಹಿಡಿದುಕೊಂಡ. ಗಾಜು ಕಪ್ಪಾಗಿದೆ ಎಂದು ತಾನು ಈತನಿಗೆ ಹೇಳೇ ಇಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತೇನಣ್ಣ, ಕಪ್ಪಾತದೆ ಅಂತ?"

ಜಯರಾಮಪ್ಪ ಅಂಗಳದ ಕಡೆ ಮುಖ ತಿರುಗಿಸಿದ.

ಮುನಿಶಾಮಿ ರಟ್ಟೆ ಬಿಡಿಸಿಕೊಂಡು ಅಂಗಳದ ನಡುವೆ ಬಂದು ನಿಂತ. ಅವನು ಮಾತುಗಾರನಲ್ಲ.

"ಬಚ್ಚಪ್ಪ, ಬಾ ಇಲ್ಲಿ. ಚಿಮಟ ಕೆಳಗಾಕು. ನಾನು ಕಂಡೆ ಅಂತ ಏಳಿದ್ದು ಸುಳ್ಳು. ಏನೂ ಕಂಡಿರ್ಲಿಲ್ಲ, ಬರೀ ಕತ್ತಲೆ. ನನ್ನ ಮಾತು ನಂಬಿ ಕುಪ್ಪುಸ್ವಾಮಿ ಬೆಂದೋದ. ನೀನು ನನ್ನ ನಂಬ್ಬ್ಯಾಡ. ನೀನೇ ನೋಡು."

ಹುರಿ ಮತ್ತೆ ಮಾಡಿನ ಬಿಸಿಲು ಕಂಡು ತಿಳಿಯಾಗುವತನಕ ಕಾಯಿಸಿದ. ಕೆಲಸದವರು ಕೆಲಸ ಬಿಟ್ಟು ಸುತ್ತ ಸೇರಿದರು. ಜಯರಾಮಪ್ಪನ ಕೂಗು ಯಾರಿಗೂ ಕೇಳಿಸಲಿಲ್ಲ. ಮಧ್ಯಾಹ್ನ ಬಚ್ಚಪ್ಪ ಕಂಬಳಿಯೊಳಗೆ ಹೊಕ್ಕ. ಮುನಿಶಾಮಿ ಕೋಲಿನಿಂದ ಹುರಿಯನ್ನು ಗುಡ್ಡೆಯ ಪಕ್ಕಕ್ಕೆ ತಂದ.

"ಮರಳು ಕಾಣ್ತೈತೆ," ಎಂದಿತು ಕಂಬಳಿಯೊಳಗಿನ ದನಿ. "ಹಲ್ಲಿ ಒಂದೈತೆ. ಅಣ್ಣ... ಅಣ್ಣ, ಇದೇನಣ್ಣ, ಕತ್ಲಾತೈತೆ. ಹಗಲೊತ್ತೇ ಕತ್ಲಾತೈತಲ್ಲಣ್ಣ!"

ಬಚ್ಚಪ್ಪ ಕಂಬಳಿ ಕಿತ್ತುಕೊಂಡು ಹೊರಗೆ ಬಂದ. ಚಿಮಟ ಎತ್ತಿಕೊಳ್ಳಲಿಲ್ಲ. ಸೀದಾ ಗೇಟಿನಾಚೆ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಕುಲುಮೆ ಆರಿತು.

ಗೇಟಿನಾಚೆ ಕೂತವರಲ್ಲಿ ಒಬ್ಬರು ಬಂಗಾರಪೇಟೆ ರೈಲು ಸ್ಟೇಷನ್ನಿಗೆ ಹೋಗಿ ಮುಂಬಯಿಗೆ ತಂತಿ ಹೊಡೆದರು. ಬಂದವರು ಬಾಗಿಲಿನಿಂದಲೇ ಉದ್ದನೆಯ ಕೋಲುಗಳನ್ನು ತೂರಿಸಿ, ಸೀಸದ ಗೋಡೆಯ ಮರೆಯಲ್ಲಿ ನಿಂತು, ಗಾಜು ಕಪ್ಪಾದ ಜಾಗದಿಂದಲೇ ಕಾಳನ್ನು ಎತ್ತಿದರು. ಕುಪ್ಪುಸ್ವಾಮಿ ಕೂತ ಅಚ್ಚಿನಿಂದ ಒಂದು ಗೇಣು ಆಚೆ. ಎತ್ತುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಲಿಲ್ಲ. ಅಷ್ಟಕ್ಕಾಗಿ, ಅಷ್ಟನ್ನು ಮಾಡಿಸದೆ ಇರುವುದಕ್ಕಾಗಿ ಒಬ್ಬ ಮನುಷ್ಯ ಬೆಂದ.

ಹುರಿಯನ್ನು ವಾಪಸು ಒಯ್ಯಲು ಬಂದ ಅದೇ ಇಂಜಿನಿಯರ್ ಗಾಜಿಗೆ ಕಣ್ಣಿಟ್ಟು ಬಿಳಿಚಿದ. ಕಿರಣ ಗಾಜಿನ ಒಳಗನ್ನೇ ಗಾಯ ಮಾಡುತ್ತದೆ, ಆ ಗಾಯದಲ್ಲಿ ಬೆಳಕು ಸಿಕ್ಕಿಕೊಳ್ಳುತ್ತದೆ, ಬಿಸಿಲು, ಬಿಸಿ ತಾಗಿದರೆ ಗಾಯ ಅಷ್ಟೋ ಇಷ್ಟೋ ಮಾಯುತ್ತದೆ ಎಂದು ಮುನಿಶಾಮಿಗೆ ತಿಳಿಸಿ ಹೇಳಿದ. ನೀಲಿಯ ಬಗ್ಗೆ ಕೇಳಿದಾಗ, ಅದು ಕಿರಣ ಹಾದಾಗ ಗಾಜೇ ಬೆಳಗುವುದು ಎಂದ. "ನಾನು ಮೇಸ್ತ್ರಿಗೆ ಹೇಳಿದ್ದೆನಲ್ಲ!" ಎಂದು ಎರಡೆರಡು ಸಲ ಅಂದ. ಹೇಳಿದ್ದ, ನಿಜ. ನೋಡುವವನಿಗೆ ಹೇಳಿರಲಿಲ್ಲ. ಕೂಲಿಯವನಿಗೆ ಕಣ್ಣಿದ್ದರೆ ಸಾಕು, ತಿಳಿವು ಮೇಸ್ತ್ರಿಯ ಹತ್ತಿರ ಇರಲಿ ಎಂಬ ಏರ್ಪಾಡು ಈ ದೇಶದಲ್ಲಿ ಕುಲುಮೆಗಿಂತ ಹಳೆಯದು.

ಕುಪ್ಪುಸ್ವಾಮಿಯ ಕೂದಲು ಉದುರಿತು, ಒಸಡಿನಲ್ಲಿ ರಕ್ತ ಒಸರಿತು. ಆಷಾಢದಲ್ಲಿ, ತಮಿಳರ ಆಡಿಯ ಹಬ್ಬದ ಹೊತ್ತಿಗೆ ತೀರಿಕೊಂಡ. ಯಜಮಾನ ಬೇರೆ ಊರಿನಲ್ಲಿ ಬೇರೆ ಹೆಸರಿನ ಕಾರ್ಖಾನೆ ತೆಗೆದ ಎಂದು ಸುದ್ದಿ. ಪೆದ್ದಮ್ಮ ಅಂಜನದ ಭರಣಿಯನ್ನು ಕ್ಯಾಸಂಬಳ್ಳಿ ಕೆರೆಗೆ ಎಸೆದಳು. ಮಗನ ಜೊತೆ ಅವಳು ಆಮೇಲೆ ಮಾತಾಡಿದ್ದು ಕಡಿಮೆ.

ಮುನಿಶಾಮಿ ಆಂಡರ್ಸನ್‌ಪೇಟೆಯ ಸೌದೆ ಡಿಪೋದಲ್ಲಿ ಸೌದೆ ಒಡೆಯುತ್ತಾ ಉಳಿದ. ಅರವತ್ತೆಂಟರ ಹೊತ್ತಿಗೆ ಅವನ ಬಲಗಣ್ಣು, ಗಾಜಿಗೆ ಇಡುತ್ತಿದ್ದ ಕಣ್ಣು, ಬಣ್ಣ ತಿರುಗತೊಡಗಿತು. ಮೊದಲು ಬೆಲ್ಲದ ನೀರು. ಆಮೇಲೆ ಟೀ. ಪೊರೆ ಎಂದರು ಡಾಕ್ಟರು, ಈ ವಯಸ್ಸಿಗೆ ಬರಬಾರದಿತ್ತು ಎಂದರು. ಗೋಡೆಯ ತೂತಿನಿಂದ ಎಷ್ಟು ಬಂತೋ, ಏನು ಬಂತೋ, ಅಳೆದವರಿಲ್ಲ. ಎಡಗಣ್ಣು ಮುಚ್ಚಿಕೊಂಡರೆ ಆ ಕಂದಿನ ಆಳದಲ್ಲಿ ಒಮ್ಮೊಮ್ಮೆ ಸಣ್ಣ ನೀಲಿ ಇರುತ್ತಿತ್ತು. ಅಲುಗದೆ, ಮಿಣುಕದೆ.

ಮಧ್ಯಾಹ್ನ ಡಿಪೋ ಬಿಟ್ಟಾಗ ಅವನು ಹೋಗುತ್ತಿದ್ದದ್ದು ಸೈನೈಡ್ ದಿಬ್ಬಕ್ಕೆ. ಗಣಿ ಅರೆದು ಬಿಸುಟ ಬೂದಿಯ ಗುಡ್ಡ, ಹುಲ್ಲು ಹುಟ್ಟದ್ದು, ಹಕ್ಕಿ ಕೂರದ್ದು. ಅದರ ನೆತ್ತಿಯಲ್ಲಿ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಲಗಣ್ಣು ತೆರೆದು ಸೂರ್ಯನ ಕಡೆ ಮುಖವಿಟ್ಟು ಕೂರುತ್ತಿದ್ದ. ಕೆಳಗೆ ದಾರಿಹೋಕರು ಹುಚ್ಚ ಎನ್ನುತ್ತಿದ್ದರು. ತಲೆಯ ಮೇಲೆ ಇಡ್ಲಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಓಡಾಡುತ್ತಿದ್ದ ಕನ್ನಿಯಮ್ಮ ಅವನನ್ನು ಕಂಡೂ ಕಾಣದಂತೆ ಹೋಗುತ್ತಿದ್ದಳು, ವರ್ಷಗಟ್ಟಲೆ.

ಒಂದು ದಿನ ಅವಳು ಬುಟ್ಟಿ ಇಳಿಸಿ ದಿಬ್ಬ ಹತ್ತಿದಳು. ಅವಳ ನೆರಳು ಅವನ ಮುಖದ ಮೇಲೆ ಬಿತ್ತು.

"ಎನ್ನ ಪಣ್ರೆ, ಏನ್ ಮಾಡ್ತಿದೀಯ ಇಲ್ಲಿ? ಕಣ್ಣು ಸುಟ್ಕೊಂಡು ಸಾಯ್ತೀಯಾ?"

"ಗಾಜು ಬಿಸಿಲಿಗಿಟ್ರೆ ತಿಳಿಯಾತಿತ್ತಕ್ಕ."

ಅವಳು ಅವನ ಗದ್ದ ಹಿಡಿದು, ಒರಟಾಗಿ, ಮುಖವನ್ನು ತನ್ನ ಕಡೆ ತಿರುಗಿಸಿದಳು.

"ಹೇಳು. ಈ ಕಣ್ಣಲ್ಲಿ ಏನ್ ಕಾಣ್ತೈತೆ ನಿಂಗೆ?"

ಅವಳ ದನಿಯಲ್ಲಿ ಆಸೆಯಿತ್ತು. ನನ್ನ ಮುಖ ಕಾಣುತ್ತಿದೆ ಎನ್ನಲಿ, ಆ ಸತ್ತವನ ಗೆಳೆಯನಿಗೆ ಅಷ್ಟಾದರೂ ಉಳಿದಿರಲಿ ಎಂಬ ಆಸೆ. ಕಂದಿನೊಳಗೆ ಏನೋ ಅಲುಗಿತು, ಮೂಗುತಿಯ ಹೊಳಪಿನಂಥದು, ರೂಪ ತಳೆಯಲು ಕಾದು ನಿಂತಿತು.

ಮುನಿಶಾಮಿ ಅದು ಕರಗಿಹೋಗುವವರೆಗೂ ಕಾದ.

"ಕತ್ತಲೆ," ಎಂದ. "ಕತ್ತಲೆ ಕಾಣ್ತೈತಕ್ಕ."

ಕನ್ನಿಯಮ್ಮ ಅವನ ಎಡಗಣ್ಣಿನ ಬಟ್ಟೆ ಬಿಚ್ಚಿ, ಕೈ ಹಿಡಿದು ದಿಬ್ಬ ಇಳಿಸಿದಳು.